ಅವ್ವ ಹೇಳಿದ ಕಪ್ಪು

ನಮ್ಮ ಮನೆಯಲ್ಲಿ ಎರಡು ಭಾಷೆಗಳಿದ್ದವು, ಅವುಗಳ ನಡುವೆ ಅಡುಗೆಮನೆಯ ಹೊಸ್ತಿಲಿತ್ತು. ಹೊಸ್ತಿಲಿನ ಈಚೆ, ಹಜಾರದಲ್ಲಿ, ಜಗಲಿಯಲ್ಲಿ, ಕೊಟ್ಟಿಗೆಯಲ್ಲಿ ಕನ್ನಡ. ಹೊಸ್ತಿಲು ದಾಟಿ ಒಲೆಯ ಮುಂದೆ ಕೂತರೆ ತೆಲುಗು. ಗೌನಿಪಲ್ಲಿಯ ಆಸುಪಾಸಿನ ಹಳ್ಳಿಗಳಲ್ಲಿ ಇದು ಯಾರಿಗೂ ವಿಶೇಷವೆನಿಸುವುದಿಲ್ಲ. ಎತ್ತನ್ನು ಕನ್ನಡದಲ್ಲಿ ಬೈದು ಮಗುವನ್ನು ತೆಲುಗಿನಲ್ಲಿ ಮುದ್ದು ಮಾಡುವ ಜನ ನಾವು. ಆದರೆ ನಮ್ಮ ಮನೆಯಲ್ಲಿ ಆ ಗಡಿಯನ್ನು ಕಾಯುವವಳು ಒಬ್ಬಳಿದ್ದಳು, ಅಪ್ಪನ ತಾಯಿ. ಅವಳನ್ನು ನಾವೆಲ್ಲ ಅವ್ವ ಎನ್ನುತ್ತಿದ್ದೆವು. ಅವ್ವನಿಗೆ ಕನ್ನಡ ಬಾರದೆ ಇರಲಿಲ್ಲ. ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವಾಗ ಅವಳ ಕನ್ನಡಕ್ಕೆ ಮಾರುವವನು ಹೆದರುತ್ತಿದ್ದ. ಒಲೆ ಮುಂದೆ ಮಾತ್ರ ಅವಳು ಅದನ್ನು ಆಡುತ್ತಿರಲಿಲ್ಲ. ತನ್ನ ಅತ್ತೆ, ಅತ್ತೆಯ ಅತ್ತೆ ಇದೇ ಒಲೆಯಲ್ಲಿ ತೆಲುಗಿನಲ್ಲೇ ಮುದ್ದೆ ತಿರುವಿದವರಂತೆ. ಬೆಂಕಿಗೆ ಬೇರೆ ಭಾಷೆ ಅರ್ಥವಾಗುವುದಿಲ್ಲವಂತೆ. ನನ್ನ ತಾಯಿ ನನಗೆ ನಾಲ್ಕು ವರ್ಷವಿದ್ದಾಗಲೇ ತೀರಿಹೋಗಿದ್ದಳು. ಹಾಗಾಗಿ ಆ ಒಲೆ, ಆ ಭಾಷೆ, ಮುದ್ದೆ ಪಾತ್ರೆಯ ತಳ ಹಿಡಿದ ಹಕ್ಕಳೆ, ಅವ್ವನ ಬೆನ್ನ ಹಿಂದಿನ ಬೆಚ್ಚಗಿನ ಜಾಗ, ಎಲ್ಲವೂ ನನಗೊಬ್ಬನಿಗೇ ಸೇರಿದ್ದೆಂದು ಹನ್ನೆರಡು ವರ್ಷ ತುಂಬುವವರೆಗೂ ನಾನು ನಂಬಿಕೊಂಡಿದ್ದೆ. ಆ ನಂಬಿಕೆಯಿಂದ ನಾನು ಮಾಡಿದ ಒಂದು ಕೆಲಸವನ್ನು ಈ ಅಧ್ಯಾಯದಲ್ಲಿ ಹೇಳಬೇಕಾಗಿದೆ. ಬಹಳ ವರ್ಷ ಇದನ್ನು ತಪ್ಪಿಸಿಕೊಂಡು ಬಂದೆ. ತಪ್ಪಿಸಿಕೊಂಡಿದ್ದಷ್ಟೇ ಅಲ್ಲ, ಅದನ್ನೇ ಒಂದು ತಮಾಷೆ ಮಾಡಿ ಮದುವೆ ಮನೆಗಳಲ್ಲಿ ಹೇಳಿ ಜನರನ್ನು ನಗಿಸಿದೆ.

ಆ ವರ್ಷದ ಶ್ರಾವಣದಲ್ಲಿ ನಮ್ಮ ಮನೆಗೆ ಎರಡು ಹೊಸ ಸಂಗತಿಗಳು ಒಂದೇ ವಾರದಲ್ಲಿ ಬಂದವು. ಮೊದಲನೆಯದು ನನ್ನ ಅಣ್ಣನ ಹೆಂಡತಿ. ಎರಡನೆಯದು ಹನ್ನೆರಡು ಕಸಿ ಮಾವಿನ ಗಿಡಗಳು. ಹಿತ್ತಿಲಲ್ಲಿ, ಬಾವಿಯಿಂದ ಬೇಲಿಯವರೆಗೆ ಇದ್ದ ರಾಗಿ ಹೊಲದ ತುಂಡನ್ನು ಅಪ್ಪ ತೋಟ ಮಾಡಲು ಹೊರಟಿದ್ದ. ಆಗ ನಮ್ಮೂರಲ್ಲಿ ಇದ್ದದ್ದೆಲ್ಲ ಓಟೆಯಿಂದ ಹುಟ್ಟಿದ ನಾಟಿ ಮರಗಳು. ಉಪ್ಪಿನಕಾಯಿಗೆ ಸರಿ, ಬಾಯಿಗಿಟ್ಟರೆ ಹಲ್ಲು ಚುರುಗುಟ್ಟುತ್ತಿತ್ತು. ಅಪ್ಪ ಸೊಂಟದಷ್ಟು ಆಳದ ಹನ್ನೆರಡು ಗುಂಡಿ ತೋಡಿಸಿ, ಗೊಬ್ಬರ ತುಂಬಿ, ರಸಪುರಿ ಕಸಿ ಗಿಡಗಳನ್ನು ಮಗುವಿಗೆ ಸ್ನಾನ ಮಾಡಿಸುವ ಹಾಗೆ ಎರಡು ಕೈಯಲ್ಲಿ ಹಿಡಿದು ಇಳಿಸಿದ. ಬೇಲಿಯ ಆಚೆ ನಿಂತ ಪಕ್ಕದ ಮನೆಯವನು ಕೇಳಿದ್ದ:

"ಏನಣ್ಣೋ, ಗೇಣುದ್ದ ಕಡ್ಡಿ ನೆಡ್ತಾ ಇದೀಯ. ಇದ್ರಲ್ಲಿ ಹಣ್ಣು ನೋಡೋಕೆ ನಾವಿರ್ತೀವಾ?"

"ನೀನು ಇರ್ತೀಯ ಬಿಡಪ್ಪ. ಕದಿಯೋಕೆ ಯಾರಾದ್ರೂ ಬೇಕಲ್ಲ," ಎಂದಿದ್ದ ಅಪ್ಪ.

ಅವ್ವ ಆ ದಿನ ಗಿಡಗಳನ್ನೂ ನೋಡಿದಳು, ಹೊಸ ಸೊಸೆಯನ್ನೂ ನೋಡಿದಳು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಳು. ಒಟ್ಟಿಗೆ ಬಂದಿದ್ದಾವೆ, ಗಿಡ ಹತ್ತಿದರೆ ಹುಡುಗಿಯ ಕಾಲ್ಗುಣ ಒಳ್ಳೆಯದು, ಒಣಗಿದರೆ ಕೆಟ್ಟದ್ದು. ಇದನ್ನು ಅವಳು ಬೈಗುಳವಾಗಿ ಹೇಳಲಿಲ್ಲ. ಮಳೆ ಬರುತ್ತೆ ಅನ್ನುವ ಹಾಗೆ ಹೇಳಿದಳು. ಅವ್ವನ ಮಾತಿಗೆ ಎದುರಾಡುವ ಗಂಡಸು ನಮ್ಮ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಅತ್ತಿಗೆ ಮಾಲೂರು ಕಡೆಯವಳು. ಅವಳ ಅಪ್ಪ ಇಟ್ಟಿಗೆ ಗೂಡಿನಲ್ಲಿ ಮಣ್ಣು ಕಲಸಿ ಹಸಿ ಇಟ್ಟಿಗೆ ಮಾಡುವವನು. ಅವಳೂ ಅಲ್ಲೇ ಕೈ ಕೆಸರು ಮಾಡಿಕೊಂಡು ಬೆಳೆದವಳು. ತೆಲುಗಿನ ಒಂದು ಅಕ್ಷರವೂ ಅವಳಿಗೆ ಗೊತ್ತಿರಲಿಲ್ಲ. ಬಂದ ಎರಡನೇ ದಿನ ಒಲೆಯ ಮುಂದೆ ಊಟಕ್ಕೆ ಬಡಿಸುತ್ತಿದ್ದಳು. ಅವ್ವನ ತಟ್ಟೆಗೆ ಸಾರು ಬಿಟ್ಟಾಗ ಅವ್ವ "ಚಾಲು" ಎಂದಳು. ತೆಲುಗಿನಲ್ಲಿ ಅದು ಸಾಕು. ಅತ್ತಿಗೆಗೆ ಗೊತ್ತಿದ್ದದ್ದು ಕನ್ನಡದ ಚಾಲೂ, ಅಂದರೆ ನಡೀಲಿ. ಮತ್ತೊಂದು ಸೌಟು ಬಿಟ್ಟಳು. "ಚಾಲು, ಚಾಲು!" ಎಂದು ಅವ್ವ ಕೂಗಿದಳು. ಹಸಿದಿದ್ದಾರೆ ಪಾಪ ಎಂದುಕೊಂಡು ಅತ್ತಿಗೆ ಸಾರಿನ ಪಾತ್ರೆಯನ್ನೇ ಬಗ್ಗಿಸಿದಳು. ಮುದ್ದೆ ತಟ್ಟೆಯಲ್ಲಿ ತೇಲಿತು. ಅವ್ವ ಬೈದಾಗ ಅತ್ತಿಗೆ ಅಳತೊಡಗಿದಳು. ಅವ್ವನಿಗೂ ಕರುಳು ಚುರುಕ್ಕೆಂದಿರಬೇಕು, ಬೆನ್ನು ಸವರಿ "ಊರುಕೋ ಅಮ್ಮಾ, ಊರುಕೋ" ಎಂದಳು. ಸುಮ್ಮನಿರು ತಾಯಿ ಎನ್ನುವ ಮಾತದು. ಅತ್ತಿಗೆ ಅದನ್ನು ಊರಿಗೆ ಹೋಗು ಎಂದು ತಿಳಿದು ನೆಲದ ಮೇಲೆ ಕೂತು ಗೊಳೋ ಎಂದಳು. ಅಣ್ಣ ತಲೆ ತಗ್ಗಿಸಿ ನಗು ನುಂಗುತ್ತಿದ್ದ. ಕೊನೆಗೆ ನಾನೇ ಎದ್ದು ಅತ್ತಿಗೆಗೆ ವಿವರಿಸಿದೆ. ಅವತ್ತಿನಿಂದ ನಾನು ಆ ಮನೆಯ ದುಭಾಷಿಯಾದೆ. ಅವ್ವ ಹೇಳುವುದು, ನಾನು ಕನ್ನಡ ಮಾಡುವುದು, ಅತ್ತಿಗೆ ಕೆಲಸ ಮಾಡುವುದು. ದುಭಾಷಿ ಸಿಕ್ಕ ಮೇಲೆ ಅವ್ವ ಮನೆಯ ಮಾತನ್ನು ಹೊಸ್ತಿಲಿನ ಹೊರಗೂ ತೆಲುಗಿನಲ್ಲೇ ಹೇಳತೊಡಗಿದಳು.

ಇಬ್ಬರು ದೊಡ್ಡವರ ನಡುವೆ ನಿಂತು ಮಾತು ದಾಟಿಸುವ ಕೆಲಸದಲ್ಲಿ ಒಂದು ಅಮಲಿದೆ. ನನಗದು ಬೇಗ ಏರಿತು. ಆದರೆ ಅದರ ಜೊತೆಗೇ ಇನ್ನೊಂದೂ ಬೆಳೆಯುತ್ತಿತ್ತು. ಒಲೆಯ ಮುಂದೆ ನನ್ನ ಜಾಗದಲ್ಲಿ ಈಗ ಅತ್ತಿಗೆ ಕೂರುತ್ತಿದ್ದಳು. ಮುದ್ದೆ ತಿರುವುವ ಕೋಲು ಅವಳ ಕೈಗೆ ಹೋಗಿತ್ತು. ಕಾರ್ತಿಕ ಮುಗಿಯುವ ಹೊತ್ತಿಗೆ ಒಂದು ದಿನ ಅವ್ವ ಹಕ್ಕಳೆಯನ್ನು ಕೆರೆದು ತೆಗೆದು, ಪೂರ್ತಿಯಾಗಿ, ನನ್ನ ಕಣ್ಣೆದುರೇ, ಅತ್ತಿಗೆಯ ಕೈಗಿಟ್ಟಳು. ಹೊಸಬಳು, ತಿನ್ನಲಿ ಎಂದಳು. ಓದುವವರಿಗೆ ಇದು ನಗೆ ತರಬಹುದು. ನನಗೆ ಈಗಲೂ ಆ ಗರಿಗರಿ ಸದ್ದು ಕೇಳಿಸುತ್ತದೆ.

ಧನುರ್ಮಾಸ ಬಂತು. ನಮ್ಮ ಕಡೆಯ ಚಳಿ ಒಣ ಚಳಿ. ಹಗಲೆಲ್ಲ ಬಿಸಿಲು ಚುರುಕಾಗಿಯೇ ಇರುತ್ತದೆ, ಹೊತ್ತು ಮುಳುಗಿದ ಕೂಡಲೇ ಯಾರೋ ನೆಲದಿಂದ ಕಂಬಳಿ ಎಳೆದುಕೊಂಡ ಹಾಗೆ ಭೂಮಿ ತಣ್ಣಗಾಗುತ್ತದೆ. ಬೆಳಗ್ಗೆ ಎದ್ದರೆ ಹುಣಸೆಮರ ಕಾಣದಷ್ಟು ಮಂಜು. ದೊಡ್ಡ ಮಾವಿನ ಮರಕ್ಕೆ ಈ ಚಳಿ ಬೇಕೇ ಬೇಕು, ಹೂ ಬಿಡುವುದೇ ಆಮೇಲೆ. ಆದರೆ ಅದೇ ವರ್ಷ ನೆಟ್ಟ ಕಸಿಗೆ ಅದು ಯಮ. ಎಲೆಯ ತುದಿ ಸುಟ್ಟಂತಾಗಿ, ಕುಡಿ ಕಪ್ಪಗಾಗಿ, ಕಸಿ ಕಟ್ಟಿದ ಗಂಟಿನಿಂದ ಮೇಲಕ್ಕೆ ಒಣಗುತ್ತ ಹೋಗುತ್ತದೆ. ಒಂದು ಮಧ್ಯಾಹ್ನ ಅವ್ವ ತಂಗಿಯ ಮನೆಗೆ ಹೊರಟವಳು ಹಿತ್ತಿಲ ಕಡೆ ಒಮ್ಮೆ ನೋಡಿ, ಆಕಾಶ ನೋಡಿ, ನನಗೆ ಹೇಳಿದಳು:

"ಒರೇ ಸೀನಾ, ಮಂಚು ಎಕ್ಕುವಗಾ ಪಡತಾಂದಿ. ಚೆಟ್ಲಕಿ ಕಪ್ಪು ಪೆಟ್ಟಮನು."

ಮಂಜು ಜಾಸ್ತಿ ಬೀಳ್ತಾ ಇದೆ, ಗಿಡಗಳಿಗೆ ಮುಚ್ಚಿಗೆ ಹಾಕೋಕೆ ಹೇಳು. ಇಷ್ಟೇ ಅರ್ಥ. ತೆಲುಗಿನಲ್ಲಿ ಕಪ್ಪು ಎಂದರೆ ಮುಚ್ಚಿಗೆ, ಹೊದಿಕೆ. ಬಣವೆಯಲ್ಲಿ ರಾಗಿ ಹುಲ್ಲಿತ್ತು, ಮೂಲೆಯಲ್ಲಿ ಕಡ್ಡಿಗಳಿದ್ದವು, ಅರ್ಧ ಗಂಟೆಯ ಕೆಲಸ. ಅವ್ವ ಹೋದಳು. ಅಪ್ಪ, ಅಣ್ಣ ಹೊಲದಲ್ಲಿದ್ದರು. ಅತ್ತಿಗೆ ಪಾತ್ರೆ ಬೆಳಗುತ್ತಿದ್ದವಳು ತಲೆ ಎತ್ತಿದಳು. ಅವಳ ಕಿವಿಗೆ ಆ ಮಾತಿನಲ್ಲಿ ಒಂದೇ ಒಂದು ಪದ ಸಿಕ್ಕಿತ್ತು.

"ಅಜ್ಜಿ ಕಪ್ಪು ಅಂದ್ರಲ್ಲ, ಏನಂತೋ ಸೀನ?"

ಆ ಕ್ಷಣ ನನಗೆ ಚೆನ್ನಾಗಿ ನೆನಪಿದೆ. ತೆಲುಗು ಕಪ್ಪು ಬಲಗಡೆ, ಕನ್ನಡ ಕಪ್ಪು ಎಡಗಡೆ ನಿಂತಿದ್ದವು. ಯಾವುದನ್ನು ಕೊಡಬೇಕೆನ್ನುವುದು ನನ್ನ ಕೈಯಲ್ಲಿತ್ತು. ನಾಲಿಗೆ ತಪ್ಪಿ ಬಂದದ್ದಲ್ಲ. ಆರಿಸಿ ಕೊಟ್ಟದ್ದು.

"ಗಿಡಕ್ಕೆ ಕಪ್ಪು ಇಡಬೇಕಂತೆ. ದೃಷ್ಟಿ ಆಗಿದೆಯಂತೆ."

"ಮಗೂಗೆ ಇಡ್ತಾರಲ್ಲ, ಹಂಗಾ?"

"ಹೂಂ. ಆದ್ರೆ ಬೊಟ್ಟು ಸಾಲ್ದಂತೆ. ಎಲೆ ಎಲೆಗೂ ಬಳೀಬೇಕಂತೆ, ಎರಡೂ ಕಡೆ."

"ಎಲೆಗೆಲ್ಲಾನಾ?"

"ನಮ್ಮ ಕಡೆ ಹಂಗೇ ಅತ್ತಿಗೆ. ನಿಮ್ಮ ಮಾಲೂರಲ್ಲಿ ಇಲ್ವಾ?"

ಆ ಕೊನೆಯ ಮಾತು ಸಾಕಾಯಿತು. ಹೊಸ ಮನೆಯ ಪದ್ಧತಿ ಗೊತ್ತಿಲ್ಲವೆನಿಸಿಕೊಳ್ಳಲು ಯಾವ ಸೊಸೆಗೆ ಇಷ್ಟ? ಅವಳು ಅಡುಗೆಮನೆಯ ಅಷ್ಟೂ ಪಾತ್ರೆಗಳ ತಳದ ಮಸಿ ಕೆರೆದಳು. ಹರಳೆಣ್ಣೆ ಬೆರೆಸಿ ಕಲಸಿ ಕೊಟ್ಟವನು ನಾನೇ. ಒಂದೊಂದೇ ಗಿಡದ ಮುಂದೆ ಮಂಡಿಯೂರಿ, ಎಲೆಯ ಬೆನ್ನಿಗೆ ಅಂಗೈ ಕೊಟ್ಟು, ಬೆರಳಿನಿಂದ ಎಷ್ಟು ಅಚ್ಚುಕಟ್ಟಾಗಿ ಬಳಿದಳೆಂದರೆ, ನಡುನಡುವೆ ನನಗೇ ಇದು ನಿಜವಾದ ಶಾಸ್ತ್ರವೇನೋ ಎನಿಸಿತು. ಆರು ಗಿಡ ಮುಗಿಯುವ ಹೊತ್ತಿಗೆ ಮಸಿ ತೀರಿತು. ಉಳಿದವಕ್ಕೆ ನಾಳೆ ಇಡೋಣ ಎಂದು ಕೈ ತೊಳೆದುಕೊಂಡಳು. ಅವ್ವ ಹೊತ್ತು ಮುಳುಗಿದ ಮೇಲೆ ಬಂದಳು, "ಕಪ್ಪು ಪೆಟ್ಟಿಂದಾ?" ಎಂದು ನನ್ನನ್ನು ಕೇಳಿದಳು. ಇಟ್ಟಳು ಎಂದೆ. ಅದು ಸುಳ್ಳೂ ಆಗಿರಲಿಲ್ಲ.

ಬೆಳಗ್ಗೆ ಅವ್ವನ ಕೂಗಿಗೆ ಬೇಲಿಯಾಚೆಯ ಮನೆಯವರೂ ಓಡಿ ಬಂದರು. ಹನ್ನೆರಡು ಗಿಡಗಳೂ ಬೆತ್ತಲೆ ನಿಂತು ಮಂಜು ಕುಡಿದಿದ್ದವು. ಅದರಲ್ಲಿ ಆರು, ಬೆಂಕಿಯಲ್ಲಿ ಬಿದ್ದೆದ್ದ ಹಾಗೆ ಕರ್ರಗೆ, ಎಣ್ಣೆ ಸೋರುತ್ತ ಜೋಲುಬಿದ್ದಿದ್ದವು. ಪಕ್ಕದ ಮನೆಯವನು ಬಾಯಿಗೆ ಟವೆಲ್ ಹಿಡಿದು ನಗುತ್ತಿದ್ದ. "ಗಿಡಕ್ಕೆ ಕಣ್ಣುಕಪ್ಪು ಹಚ್ಚಿದ್ದೀರಲ್ಲ, ಮದ್ವೆ ಯಾವಾಗ?" ಎಂದ. ಅಪ್ಪ ಒಂದು ಎಲೆ ಹಿಡಿದು ಬೆರಳಿಂದ ಉಜ್ಜಿದ. ಅದು ಹಾಗೇ ಕಿತ್ತು ಕೈಗೆ ಬಂತು. ಅವನು ಬೈಯಲಿಲ್ಲ. ಆ ಎಲೆಯನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

"ನೀವೇ ಅಲ್ವಾ ಅಜ್ಜಿ ಕಪ್ಪು ಇಡು ಅಂದಿದ್ದು?" ಎಂದಳು ಅತ್ತಿಗೆ. ಅವಳ ಉಗುರುಗಳಲ್ಲಿ ಇನ್ನೂ ಮಸಿ ಇತ್ತು.

ಅವ್ವನಿಗೆ ಎರಡೂ ಭಾಷೆ ಬರುತ್ತಿತ್ತಲ್ಲ, ತಟ್ಟನೆ ಹೊಳೆಯಿತು. ಅವಳು ಅತ್ತಿಗೆಯನ್ನು ಬಿಟ್ಟು ನನ್ನ ಕಡೆ ತಿರುಗಿದಳು. ನೀನು ಇವಳಿಗೆ ಹೇಳಲಿಲ್ಲವೇನೋ ಎಂದು ತೆಲುಗಿನಲ್ಲಿ ಕೇಳಿದಳು. ನಾನು ಕನ್ನಡದಲ್ಲಿ, ಎಲ್ಲರಿಗೂ ಕೇಳುವ ಹಾಗೆ ಉತ್ತರ ಕೊಟ್ಟೆ:

"ನಾನು ಮುಚ್ಚು ಅಂತ್ಲೇ ಹೇಳ್ದೆ. ಅವಳೇ ತಪ್ಪು ತಿಳ್ಕೊಂಡ್ಳು."

ಅತ್ತಿಗೆ ನನ್ನನ್ನು ನೋಡಿದಳು. ಅವ್ವ ಅಲ್ಲೇ, ಆ ಆರು ಕರಿ ಗಿಡಗಳ ಮುಂದೆ ತೀರ್ಪು ಕೊಟ್ಟಳು. ಶಿವರಾತ್ರಿಯವರೆಗೆ ನೋಡುವುದು. ಗಿಡ ಉಳಿದರೆ ಸರಿ. ಹೋದರೆ, ಕಾಲ್ಗುಣ ಇಂಥದ್ದು ಅಂತ ಗೊತ್ತಾದ ಹಾಗೆ. ಹುಡುಗಿ ತವರಿಗೆ ಹೋಗಲಿ, ಮತ್ತೆ ಕರೆಸುವ ಮಾತು ಆಮೇಲೆ. ಈ ಸಲ ಅವ್ವನ ಮಾತನ್ನು ಅತ್ತಿಗೆಗೆ ಕನ್ನಡ ಮಾಡಿ ಹೇಳಲು ನನ್ನನ್ನು ಯಾರೂ ಕೇಳಲಿಲ್ಲ. ಮುಖ ನೋಡಿಯೇ ಅವಳಿಗೆ ಅರ್ಥವಾಗಿತ್ತು.

ಅದೇ ದಿನ ಬಾವಿಕಟ್ಟೆಯ ಹತ್ತಿರ ಅವಳು ನನ್ನನ್ನು ನಿಲ್ಲಿಸಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು.

"ಲೋ ಸೀನ. ನೀನು ಏನು ಹೇಳ್ದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ನಾನು ಬಂದು ಐದು ತಿಂಗಳಾಗಿಲ್ಲ. ನೀನು ಈ ಮನೆ ಕೂಸು. ಚಾಡಿ ಹೇಳಿ ನಾನಿಲ್ಲಿ ಗೆಲ್ಲಲ್ಲ ಕಣೋ. ಗಿಡ ಉಳಿಸಿ ಗೆಲ್ತೀನಿ."

"ಹೆಂಗೆ ಉಳಿಸ್ತೀಯ?" ಎಂದೆ. ಅಣಕಿಸಿದ್ದಲ್ಲ, ನಿಜಕ್ಕೂ ಕೇಳಿದ್ದು.

"ಅದು ನಿನಗ್ಯಾಕೆ? ನೀರು ಸೇದು," ಎಂದಳು.

ಅವಳು ಮೊದಲು ಮಾಡಿದ್ದು ಸ್ನಾನ ಮಾಡಿಸುವ ಕೆಲಸ. ಅಂಟುವಾಳದ ಕಾಯಿ ನೆನೆಸಿ, ಉಗುರುಬೆಚ್ಚಗಿನ ನೀರಿನಲ್ಲಿ ನೊರೆ ಎಬ್ಬಿಸಿ, ತನ್ನ ಹಳೆಯ ಸೀರೆಯ ತುಂಡಿನಿಂದ ಒಂದೊಂದೇ ಎಲೆಯನ್ನು ಒರೆಸಿದಳು. ಒರೆಸುವಾಗ ಕೆಲವು ಉದುರಿದವು. ಉಳಿದವು ಮಂಕಾಗಿಯಾದರೂ ಹಸಿರಿಗೆ ತಿರುಗಿದವು. ಆಮೇಲೆ ಅವಳ ಕಣ್ಣು ಹಿತ್ತಿಲ ಮೂಲೆಯಲ್ಲಿದ್ದ ಇಟ್ಟಿಗೆ ರಾಶಿಯ ಮೇಲೆ ಬಿತ್ತು. ಅದು ಅವ್ವನ ಇಟ್ಟಿಗೆ. ಹೊಸ ಬಚ್ಚಲುಮನೆ ಕಟ್ಟಿಸಬೇಕೆಂದು ಅವ್ವ ವರ್ಷಗಟ್ಟಲೆ ಅಪ್ಪನನ್ನು ಕಾಡಿ ತರಿಸಿದ್ದು. ಒಂದು ಇಟ್ಟಿಗೆಯ ಮೇಲೆ ಕೋಳಿ ಕೂತರೂ ಕಲ್ಲು ಬೀಸುತ್ತಿದ್ದಳು. ಅದನ್ನು ಕೇಳಬೇಕೆಂದರೆ ಅವ್ವನನ್ನೇ ಕೇಳಬೇಕು. ಅತ್ತಿಗೆ ನನ್ನ ಮೂಲಕ ಕೇಳಿಸಲಿಲ್ಲ. ಎರಡು ದಿನ ಅವಳು ಒಲೆಯ ಮುಂದೆ ಕಿವಿ ನೆಟ್ಟು ಕೂತಳು. ಬಾಯೊಳಗೇ ಏನೋ ಉರು ಹೊಡೆದಳು. ಮೂರನೇ ದಿನ, ಅವ್ವ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ, ಎದುರಿಗೆ ನಿಂತು ಹೇಳಿದಳು:

"ಅವ್ವಾ, ನಾಕು ಇಟುಕಲು ಕಾವಾಲಿ."

ನನಗೆ ಇಟ್ಟಿಗೆ ಬೇಕು. ಜರಡಿ ನಿಂತಿತು. ಆ ಮಾತು ಮಾಲೂರಿನ ರಾಗದಲ್ಲಿತ್ತು, ಲಕಾರ ನಾಲಿಗೆಯಲ್ಲಿ ಹೊರಳಿತ್ತು. ಆದರೂ ಅದು ತೆಲುಗು, ಒಲೆಯ ಮುಂದೆ ಆಡಿದ ತೆಲುಗು. ಅವ್ವನಿಗೆ ನಗು ಬಂತು. ನಗುವನ್ನು ಹಿಟ್ಟಿನಲ್ಲಿ ಮುಚ್ಚಿಕೊಂಡು, ಎಂದುಕು ಎಂದು ಕೇಳಿದಳು. ಯಾಕೆ ಎನ್ನುವುದಕ್ಕೆ ಉತ್ತರಿಸುವಷ್ಟು ತೆಲುಗು ಅತ್ತಿಗೆಯ ಹತ್ತಿರ ಇರಲಿಲ್ಲ. ಅವಳು ಅವ್ವನ ಕೈ ಹಿಡಿದು ಎಬ್ಬಿಸಿ, ಬಿಸಿಲಿಗೆ ಕಾಯುತ್ತಿದ್ದ ರಾಶಿಯ ಹತ್ತಿರ ಕರೆದುಕೊಂಡು ಹೋಗಿ, ಆ ಕೈಯನ್ನು ಒಂದು ಇಟ್ಟಿಗೆಯ ಮೇಲೆ ಇಟ್ಟಳು. ಹೊತ್ತು ಇಳಿಯುತ್ತಿತ್ತು, ಗಾಳಿ ತಣ್ಣಗಾಗಿತ್ತು. ಇಟ್ಟಿಗೆ ಮಾತ್ರ ಇನ್ನೂ ಬಿಸಿಯಾಗಿತ್ತು.

"ನಮ್ಮಪ್ಪ ಹೇಳ್ತಿದ್ರು, ಇಟ್ಟಿಗೆ ಬೇಗ ಮರೆಯಲ್ಲ ಅಂತ. ಹಗಲೆಲ್ಲ ಕುಡಿದ ಬಿಸಿಲನ್ನ ನಿಧಾನಕ್ಕೆ ಬಿಡುತ್ತೆ," ಎಂದಳು ಅತ್ತಿಗೆ.

ಅವ್ವ ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಒಳಗೆ ಹೋಗುತ್ತ, ಯಾರಿಗೂ ಅಲ್ಲದ ಹಾಗೆ, ತೀಸ್ಕೋ ಎಂದಳು. ತಗೋ.

ಅತ್ತಿಗೆ ಪ್ರತಿ ಗಿಡದ ಸುತ್ತ ಮೊಳದ ದೂರ ಬಿಟ್ಟು ಇಟ್ಟಿಗೆಗಳನ್ನು ಒಂದರ ಮೇಲೊಂದು, ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟು, ಗಿಡದ ಎತ್ತರಕ್ಕೆ ಕಟ್ಟಿದಳು. ಗೂಡಿನಲ್ಲಿ ಇಟ್ಟಿಗೆ ಜೋಡಿಸುವುದೇ ಹಾಗಂತೆ, ಉಸಿರಾಡಬೇಕು. ಮೂಡಣ ದಿಕ್ಕಿಗೆ ಮಾತ್ರ ಬಾಗಿಲಿನಂತೆ ತೆರೆದು ಬಿಟ್ಟಳು, ಎಳೆ ಬಿಸಿಲು ನೇರವಾಗಿ ಒಳಗೆ ಬರಲೆಂದು. ಮೇಲೆ ಹೊದಿಸಲು ಅವ್ವ ಹೇಳಿದ್ದ ಕಪ್ಪು, ರಾಗಿ ಹುಲ್ಲಿನದು. ಅದನ್ನು ಅವಳು ಕೂಸಿನ ಕುಲಾವಿಯ ಆಕಾರಕ್ಕೆ ಹೆಣೆದಳು. ನಮ್ಮೂರಲ್ಲಿ ಹುಲ್ಲನ್ನು ನೇರವಾಗಿ ಗಿಡದ ಮೇಲೆ ಹೇರುತ್ತಿದ್ದರು. ಮಂಜಿಗೆ ಹುಲ್ಲು ನೆನೆದು, ಎಲೆಗೆ ಅಂಟಿಕೊಂಡು, ಎಲೆ ಅಲ್ಲೇ ಕೊಳೆಯುತ್ತಿತ್ತು. ಬುಡಕ್ಕೆ ಗೆದ್ದಲು ಬರುತ್ತಿತ್ತು. ಅತ್ತಿಗೆ ಕುಲಾವಿಯನ್ನು ಇಟ್ಟಿಗೆಯ ಮೇಲೆ ಕೂರಿಸಿದಳು.

"ಹಸಿ ಇಟ್ಟಿಗೆಗೆ ಮಂಜು ಬಿದ್ರೆ ಮೂಲೆ ಉದುರುತ್ತೆ. ಅದಕ್ಕೆ ನಾವು ಮುಚ್ತೀವಿ. ಆದ್ರೆ ಹುಲ್ಲು ತಾಗಬಾರದು. ತಾಗಿದ್ರೆ ಗುರುತು ಬೀಳುತ್ತೆ. ಮುಚ್ಚಬೇಕು, ಮುಟ್ಟಬಾರದು," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಸಂಜೆ ಕುಲಾವಿ ಹಾಕುವುದು ಅವಳ ಕೆಲಸ. ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ತೆಗೆಯುವುದನ್ನು ನಾನು ಕೇಳದೆಯೇ ವಹಿಸಿಕೊಂಡೆ. ತಪ್ಪು ಒಪ್ಪಿಕೊಳ್ಳುವ ಧೈರ್ಯವಿಲ್ಲದವನಿಗೆ ಕೆಲಸವೊಂದೇ ದಾರಿ. ಹಲ್ಲು ಕಟಕಟಿಸುತ್ತ ಹೋಗಿ ಹನ್ನೆರಡು ಕುಲಾವಿಗಳನ್ನು ಎತ್ತಿ, ಕೊಡವಿ, ಬೇಲಿಯ ಮೇಲೆ ಒಣಗಲು ಹಾಕುತ್ತಿದ್ದೆ. ಬುಡಕ್ಕೆ ಬೂದಿ ಎರಚಿ, ಎರಡು ಚೆಂಬು ನೀರು ಹಾಕುತ್ತಿದ್ದೆ. ಇಟ್ಟಿಗೆಗೂಡಿನೊಳಗೆ ಕೈ ಇಟ್ಟರೆ, ಹೊರಗೆ ಮಂಜಿದ್ದರೂ ಒಳಗೆ ಹಸುವಿನ ಹೊಟ್ಟೆಯ ಪಕ್ಕದಂಥ ಬಿಸುಪು. ನಾನು ಕೆಲವು ದಿನ ಕೈಯನ್ನು ಅಲ್ಲೇ ಇಟ್ಟುಕೊಂಡು ಕೂತಿರುತ್ತಿದ್ದೆ. ಆದರೂ ಮಸಿ ಬಳಿದ ಆರರಲ್ಲಿ ಎರಡು, ಬಾವಿಯ ಪಕ್ಕದವು, ದಿನೇ ದಿನೇ ಒಣಗುತ್ತ ಹೋದವು. ಸಂಕ್ರಾಂತಿಯ ಹೊತ್ತಿಗೆ ಅವು ಬರೀ ಕಡ್ಡಿ. ಅತ್ತಿಗೆ ಅವುಗಳಿಗೂ ಕೊನೆಯವರೆಗೆ ಕುಲಾವಿ ಹಾಕಿದಳು. ಆ ಎರಡು ನನ್ನವು. ಇವತ್ತಿಗೂ ನಾನು ಅವನ್ನು ಹಾಗೆಯೇ ನೆನೆಯುತ್ತೇನೆ.

ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತ ಹೋಗುತ್ತದೆ ಎಂಬ ಮಾತಿದೆಯಲ್ಲ, ಆ ವರ್ಷ ಅದು ಹೇಳಿದ ದಿನಕ್ಕೇ ಹೋಯಿತು. ಬೆಳಗ್ಗೆ ಅವ್ವ ತಲೆಗೆ ನೀರು ಹಾಕಿಕೊಂಡು, ಉಪವಾಸದ ಹೊಟ್ಟೆಯಲ್ಲಿ, ಕೋಲೂರಿಕೊಂಡು ಹಿತ್ತಿಲಿಗೆ ಬಂದಳು. ಅಪ್ಪ, ಅಣ್ಣ ಹಿಂದೆ. ಅತ್ತಿಗೆ ಬಾವಿಕಟ್ಟೆಯ ಹತ್ತಿರ ನಿಂತಿದ್ದಳು. ಟ್ರಂಕಿಗೆ ಸೀರೆಗಳನ್ನು ಮಡಿಸಿಟ್ಟಾಗಿತ್ತೆಂದು ಆಮೇಲೆ ಗೊತ್ತಾಯಿತು. ಅವ್ವ ಮೊದಲು ಆ ಎರಡು ಒಣಕಡ್ಡಿಗಳ ಮುಂದೆ ನಿಂತಳು. ಮುಂದೆ ಹೋದಳು. ಮೂರನೆಯ ಗೂಡಿನಲ್ಲಿ ಬಗ್ಗಿ ನೋಡಿದಳು. ಅದು ಮಸಿ ಬಳಿದದ್ದೇ, ಎಲೆಯೆಲ್ಲ ಉದುರಿ ಬೋಳಾಗಿದ್ದದ್ದು. ಕಸಿಯ ಗಂಟಿನ ಮೇಲೆ, ತೊಳೆದ ತಾಮ್ರದ ಚೆಂಬಿನ ಬಣ್ಣದ ಚಿಗುರು ಬಂದಿತ್ತು. ಮುಟ್ಟಿದರೆ ನೀರಾಗುವಷ್ಟು ಎಳೆಯದು. ಪಕ್ಕದ್ದರಲ್ಲಿ ಎರಡು ಕುಡಿ. ಅದರ ಪಕ್ಕದ್ದರಲ್ಲಿ ಮೂರು. ಅವ್ವ ಕೋಲನ್ನು ಬಿಸಾಡಿ ಒಂದೊಂದೇ ಗೂಡಿಗೆ ತಲೆ ತೂರಿಸುತ್ತ ಹೋದಳು. ಹತ್ತೂ ಬದುಕಿದ್ದವು. ಅಪ್ಪ ಜೇಬಿನಿಂದ ಆವತ್ತಿನ ಒಣಗಿದ ಕರಿ ಎಲೆಯನ್ನು ತೆಗೆದು, ಪುಡಿ ಮಾಡಿ, ಗಾಳಿಗೆ ತೂರಿದ. ಇಷ್ಟು ದಿನ ಅದನ್ನು ಅಂಗಿಯಿಂದ ಅಂಗಿಗೆ ಬದಲಿಸಿ ಇಟ್ಟುಕೊಂಡಿದ್ದನೆಂದು ಯಾರಿಗೂ ಗೊತ್ತಿರಲಿಲ್ಲ.

ಅವ್ವ ಒಳಗೆ ಹೋದಳು. ಒಲೆ ಹಚ್ಚಿದಳು. ಆ ದಿನ ಅಡುಗೆಯಿರಲಿಲ್ಲ, ಹಾಲು ಕಾಯಿಸಬೇಕಿತ್ತಷ್ಟೆ. ಒಲೆಯ ಮುಂದೆ ಕೂತವಳು ಹೊಸ್ತಿಲಿನ ಕಡೆ ತಿರುಗಿ, ಹನ್ನೆರಡು ವರ್ಷದಲ್ಲಿ ನಾನು ಆ ಜಾಗದಲ್ಲಿ ಅವಳ ಬಾಯಿಂದ ಒಮ್ಮೆಯೂ ಕೇಳದ ಭಾಷೆಯಲ್ಲಿ ಕೂಗಿದಳು:

"ಬಾರಮ್ಮ ಒಳಗೆ. ಅಲ್ಲೇ ಯಾಕೆ ನಿಂತೆ? ಬಾ, ನನ್ನ ಪಕ್ಕ ಕೂತ್ಕೋ."

ಒಲೆ ಆರಲಿಲ್ಲ. ಬೆಂಕಿಗೆ ಕನ್ನಡವೂ ಅರ್ಥವಾಯಿತು. ಅತ್ತಿಗೆ ಕಣ್ಣೊರೆಸಿಕೊಂಡು "ವಸ್ತಾನವ್ವಾ" ಎಂದಳು. ಬರ್ತೀನಿ ಅವ್ವ. ಅವತ್ತಿನಿಂದ ಅವ್ವ ಅವಳೊಂದಿಗೆ ತನ್ನ ಸಂತೆಯ ಕನ್ನಡ ಆಡಿದಳು, ಅವಳು ಅವ್ವನೊಂದಿಗೆ ಮುರುಕು ತೆಲುಗು ಆಡಿದಳು, ಅವ್ವ ಸಾಯುವವರೆಗೂ ಇಬ್ಬರಿಗೂ ಇದೇ ನಡೆಯಿತು. ದುಭಾಷಿಗೆ ಕೆಲಸ ಹೋಯಿತು. ಬಚ್ಚಲುಮನೆ ಒಂದು ವರ್ಷ ತಡವಾಯಿತು. ಮುಂದಿನ ಚಳಿಗಾಲಕ್ಕೂ ಇಟ್ಟಿಗೆ ಬೇಕು ಎಂದು ಅವ್ವನೇ ತಡೆದಳು.

ನಾಲ್ಕನೇ ವರ್ಷ ಮೊದಲ ಹಣ್ಣು ಬಂತು. ಅವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಮನೆಗೆ ಹೋಗಿ ಮೂಸಿಸಿ ಬಂದಳು. ಪಕ್ಕದ ಮನೆಯವನಿಗೆ ಅಪ್ಪ ತಾನೇ ಕರೆದು ಒಂದು ಹೋಳು ಕೊಟ್ಟ. ಅವನು ಓಟೆಯನ್ನೂ ಚೀಪಿದ. "ಮಾ ಮಸಿ ಕೋಡಲು" ಎಂದು ಅವ್ವ ಹೆಮ್ಮೆಯಿಂದ ಹೇಳುತ್ತಿದ್ದಳು, ನಮ್ಮ ಮಸಿ ಸೊಸೆ ಬೆಳೆಸಿದ್ದು. ಹೆಮ್ಮೆಯಿಂದಲೇ ಹೇಳಿದ್ದು, ಆದರೆ ಆ ಹೆಸರು ನಿಂತುಬಿಟ್ಟಿತು. ತೆಲುಗು ಬಾರದೆ ಗಿಡಕ್ಕೆ ಮಸಿ ಬಳಿದವಳು. ಅವ್ವ ಹೋದಳು, ಅಪ್ಪ ಹೋದ, ಹೆಸರು ಹೋಗಲಿಲ್ಲ. ಆ ಕಥೆಯನ್ನು ಅತ್ಯಂತ ಚೆನ್ನಾಗಿ ಹೇಳುವವನು ಯಾರು? ನಾನು. ಅತ್ತಿಗೆಯ ಧ್ವನಿ, ಅವ್ವನ ಕೂಗು, ಪಕ್ಕದವನ ಟವೆಲ್, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಅತ್ತಿಗೆಯೂ ನಗುತ್ತಿದ್ದಳು. ನಾನು ಹೈಸ್ಕೂಲು ಮುಗಿಸಿ ಶ್ರೀನಿವಾಸಪುರದಲ್ಲಿ ಅರ್ಜಿ ಬರೆದುಕೊಡುವ ಕೆಲಸಕ್ಕೆ ಕೂತೆ. ಜನ ತೆಲುಗಿನಲ್ಲಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಬರೆಯುತ್ತಿದ್ದೆ. ಬರೆದದ್ದನ್ನು ಪ್ರತಿಯೊಬ್ಬರಿಗೂ ಎರಡು ಸಲ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿದವನಲ್ಲ. ಸೀನಪ್ಪನಷ್ಟು ಪ್ರಾಮಾಣಿಕ ಇಲ್ಲ ಎಂದರು. ಆ ಪ್ರಾಮಾಣಿಕತೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬಾವಿಯ ಪಕ್ಕದ ಆ ಎರಡು ಗುಂಡಿಗಳಲ್ಲಿ ಒಂದಕ್ಕೆ ಅವ್ವ ಕರಿಬೇವು ಹಾಕಿದ್ದಳು, ಇನ್ನೊಂದರ ಮೇಲೆ ಬಟ್ಟೆ ಒಗೆಯುವ ಕಲ್ಲು ಬಿದ್ದಿತ್ತು. ಕರಿಬೇವು ಹೋದ ವರ್ಷ ಮುಪ್ಪಾಗಿ ಒಣಗಿತು. ಈ ಮಳೆಗಾಲದಲ್ಲಿ ನಾನು ಅದರ ಬೇರು ತೆಗೆಸಿ, ಕಲ್ಲನ್ನು ಉರುಳಿಸಿ, ಎರಡು ರಸಪುರಿ ಕಸಿ ನೆಟ್ಟೆ. ಚಳಿ ಶುರುವಾದಾಗ ಅತ್ತಿಗೆ ಮಾಡಿದ್ದ ಹಾಗೆಯೇ ಸುತ್ತ ಇಟ್ಟಿಗೆ ಗೂಡು ಕಟ್ಟಿ, ಹುಲ್ಲಿನ ಕುಲಾವಿ ಹೆಣೆದಿಟ್ಟೆ. ಅತ್ತಿಗೆಗೆ ಈಗ ಎಂಬತ್ತರ ಹತ್ತಿರ. ಅಣ್ಣ ಇಲ್ಲ, ಮಗ, ಸೊಸೆ, ಮೊಮ್ಮಕ್ಕಳು ಮನೆ ತುಂಬ ಇದ್ದಾರೆ. ಮೊಮ್ಮಗನೊಬ್ಬ ಮಾಲೂರಿನ ಫ್ಯಾಕ್ಟರಿಗೆ ಹೋಗಿಬಂದು ಮಾಡುತ್ತಾನೆ, ಕಳೆದ ತಿಂಗಳು ಧಾರವಾಡ ಕಡೆಯ ಹುಡುಗಿ ಶ್ವೇತಾಳನ್ನು ಮದುವೆಯಾಗಿ ತಂದಿದ್ದಾನೆ. ಮೊನ್ನೆ ಸಂಜೆ ನಾವೆಲ್ಲ ಹಿತ್ತಿಲಲ್ಲಿ ಕೂತಿದ್ದಾಗ ಗಾಳಿ ತಣ್ಣಗಾಯಿತು. ಅತ್ತಿಗೆ ಕುರ್ಚಿಯಿಂದಲೇ ಕೂಗಿದಳು:

"ಕಪ್ಪಂಡ್ರಾ! ಮಂಜು ಇಳೀತಿದೆ."

"ಕಪ್ಪ ಅಂದ್ರ ಏನ್ರೀ ಅಜ್ಜಾರ?" ಎಂದು ಶ್ವೇತಾ ನನ್ನನ್ನು ಕೇಳಿದಳು.

ಮಕ್ಕಳೆಲ್ಲ ಕುಣಿದರು. "ತಾತ, ಮಸಿ ಕಥೆ! ಮಸಿ ಕಥೆ ಹೇಳು!"

ಹೊಸ ಸೊಸೆ, ಅದೇ ಹಿತ್ತಿಲು, ಅದೇ ಪ್ರಶ್ನೆ. ನಾನು ರೂಢಿಯಂತೆ ಶುರು ಮಾಡಿದೆ. ಅವ್ವ ಆಕಾಶ ನೋಡಿದಳು, ಹೀಗಂದಳು, ಅತ್ತಿಗೆ ಏನಂತೋ ಸೀನ ಎಂದು ಕೇಳಿದಳು, ಅಲ್ಲಿಯವರೆಗೆ ಬಂದೆ. ಎಲ್ಲರೂ ನಗಲು ತಯಾರಾಗಿದ್ದರು. ಮುಂದಿನ ಮಾತು, ನನ್ನ ಬಾಯಿಗೆ ಸಾವಿರ ಸಲ ಬಂದ ಮಾತು, ಬರಲಿಲ್ಲ.

"ನಿಮ್ಮಜ್ಜಿ ತಪ್ಪು ತಿಳ್ಕೊಳ್ಳಲಿಲ್ಲ," ಎಂದೆ. "ನಾನು ತಪ್ಪು ಹೇಳ್ದೆ. ಬೇಕಂತಲೇ ಹೇಳ್ದೆ. ಒಂದು ತುಂಡು ಹಕ್ಕಳೆಗೋಸ್ಕರ. ಆಮೇಲೆ ಊರೆಲ್ಲರ ಮುಂದೆ ಸುಳ್ಳು ಹೇಳ್ದೆ. ಅವತ್ತಿಂದ ಇವತ್ತಿನವರೆಗೂ ಅವಳ ಹೆಸರಿಗೆ ಮಸಿ ಬಳಿದೋನು ನಾನು."

ಯಾರೂ ನಗಲಿಲ್ಲ. ಅತ್ತಿಗೆಯ ಮಗ ನನ್ನನ್ನೇ ನೋಡುತ್ತಿದ್ದ. ನಾನು ಅತ್ತಿಗೆಯ ಕಡೆ ತಿರುಗಿದೆ. ಅವಳು ಶಾಲು ಸರಿಮಾಡಿಕೊಂಡು ಒಂದೇ ಮಾತು ಹೇಳಿದಳು.

"ಚಾಲು."

"ಹಂಗಂದ್ರ?" ಎಂದಳು ಶ್ವೇತಾ.

"ಅವನನ್ನೇ ಕೇಳಮ್ಮ. ಈ ಮನೇಲಿ ಭಾಷೆ ದಾಟಿಸೋನು ಅವನೇ. ಲೋ ಸೀನ, ಈ ಸಲನಾದ್ರೂ ಸರಿಯಾಗಿ ಹೇಳೋ."

"ತೆಲುಗಲ್ಲಿ ಚಾಲು ಅಂದ್ರೆ ಸಾಕು. ಕನ್ನಡದಲ್ಲಿ ಚಾಲೂ ಅಂದ್ರೆ ನಡೀಲಿ," ಎಂದೆ. "ಅವಳು ಯಾವುದು ಅಂದ್ಳೋ ಅವಳನ್ನೇ ಕೇಳು. ಬೇರೆಯವರ ಮಾತನ್ನ ನಾನು ಆರಿಸೋದು ಬಿಟ್ಟು ಬಹಳ ಕಾಲ ಆಯ್ತು."

ಅತ್ತಿಗೆ ಬೊಚ್ಚು ಬಾಯಿ ತೆರೆದು ನಕ್ಕಳು. ಹಿತ್ತಿಲಿಗೆಲ್ಲ ಕೇಳುವ ಹಾಗೆ ನಕ್ಕಳು.

"ಎರಡೂ ಕಣೇ! ತಪ್ಪು ಒಪ್ಕೊಂಡಿದ್ದು ಸಾಕು. ಕಥೆ ನಡೀಲಿ. ಇವನು ಯಾವಾಗ್ಲೂ ಮಸಿ ಬಳಿದಲ್ಲಿಗೇ ನಿಲ್ಲಿಸಿಬಿಡ್ತಾನೆ. ಇಟ್ಟಿಗೆ ಕಥೆ ಹೇಳೋದೇ ಇಲ್ಲ. ಗೆದ್ದೋಳು ನಾನು, ಅದನ್ನ ಹೇಳೋ!"

ಹೇಳಿದೆ. ಅಂಟುವಾಳದ ನೊರೆಯಿಂದ ಹಿಡಿದು ತಾಮ್ರದ ಬಣ್ಣದ ಚಿಗುರಿನವರೆಗೆ, ಒಲೆಯ ಮುಂದೆ ಆಡಿದ ಮೊದಲ ತೆಲುಗಿನಿಂದ ಮೊದಲ ಕನ್ನಡದವರೆಗೆ, ಒಂದು ಮಾತೂ ಬಿಡದೆ ಹೇಳಿದೆ. ನಮ್ಮ ಸುತ್ತ ಅವಳು ಗೆದ್ದ ಮರಗಳು ನಿಂತಿದ್ದವು. ನಾನು ಮುಗಿಸುವ ಮೊದಲೇ ಶ್ವೇತಾ ಎದ್ದು ಹೋಗಿದ್ದಳು. ಹಗಲೆಲ್ಲ ಕಾದ ಇಟ್ಟಿಗೆಯ ಮೇಲೆ ಒಮ್ಮೆ ಅಂಗೈ ಇಟ್ಟು ನೋಡಿದಳು. ಆಮೇಲೆ ಎರಡು ಕೈಯಲ್ಲಿ ಹುಲ್ಲಿನ ಕುಲಾವಿ ಎತ್ತಿ, ಬಾವಿಯ ಪಕ್ಕದ ಎರಡು ಎಳೆ ಗಿಡಗಳ ಮೇಲೆ ಒಂದೊಂದಾಗಿ ಕೂರಿಸಿದಳು. ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ಹುಲ್ಲು ಎಲೆಗೆ ತಾಗಿರಲಿಲ್ಲ.